ಒಂದೇ ವೇಷ, ಮೂರು ಊರು: ಲಂಡನ್, ಲೆಸ್ಟರ್, ಬೆಂಗಳೂರು

ವೇಷ ಒಂದೇ, ಹಾಕಿದ್ದು ಮೂರು ಸಲ. ಮೊದಲು 2024ರ ಅಕ್ಟೋಬರ್ 26ಕ್ಕೆ ಲಂಡನ್ನಿನ ಎಂಸಿಎಂ ಕಾಮಿಕ್ ಕಾನ್‌ನಲ್ಲಿ, ಅಂದರೆ ಕಾಮಿಕ್ಸ್, ಸಿನಿಮಾ, ಗೇಮ್ ಹುಚ್ಚಿನವರು ಪಾತ್ರಗಳ ವೇಷ ಹಾಕಿ ಸೇರುವ ಜಾತ್ರೆಯಲ್ಲಿ. ಐದು ದಿನ ಬಿಟ್ಟು ಲೆಸ್ಟರ್‌ನ ದೀಪಾವಳಿಯಲ್ಲಿ. ಆಮೇಲೆ 2025ರ ಜನವರಿಯಲ್ಲಿ ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಬೆಂಗಳೂರು ಕಾಮಿಕ್ ಕಾನ್‌ನಲ್ಲಿ. ವಾಪಸ್ ಬಂದಾಗಿನಿಂದ ರೂಮ್‌ಮೇಟ್‌ಗಳದ್ದು ಒಂದೇ ಪ್ರಶ್ನೆ: ಯಾವುದು ಬೆಸ್ಟ್?

ಮೊದಲು ವೇಷ ಏನು ಅಂತ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥ ಆಗಲ್ಲ. ನಮ್ಮದು ಸಾಗರದ ಕಡೆ. ಚಿಕ್ಕವಳಿದ್ದಾಗ ಅಜ್ಜನ ಜೊತೆ ಯಕ್ಷಗಾನ ಆಟ ನೋಡೋಕೆ ಹೋಗಿ, ಅರ್ಧ ರಾತ್ರಿಗೆ ಅವರ ಶಾಲಿನೊಳಗೆ ನಿದ್ದೆ ಹೋಗುತ್ತಿದ್ದೆ. ನೆನಪಿನಲ್ಲಿ ಉಳಿದಿದ್ದು ಕಥೆ ಅಲ್ಲ, ವೇಷದವರು ತಲೆಗೆ ಕಟ್ಟುವ ಕೇದಗೆ ಮುಂದಲೆ. ಅದನ್ನೇ ಇಟ್ಟುಕೊಂಡು ಒಬ್ಬ ಬಾಹ್ಯಾಕಾಶ ಯೋಧೆಯ ವೇಷ ಮಾಡಿದೆ. ತಲೆಗೆ ಮುಂದಲೆ, ಹೆಗಲಿಗೆ ಭುಜಕೀರ್ತಿ, ಎದೆಗೆ ಎದೆಕಟ್ಟು, ಎಲ್ಲವೂ ಇವಿಎ ಫೋಮ್ ಅನ್ನುವ ಹಗುರ ಹಾಳೆಯಲ್ಲಿ. ಯಾವ ಗೇಮಿನಲ್ಲೂ ಇಲ್ಲದ ಪಾತ್ರ, ನನ್ನದೇ ತಲೆಯಿಂದ ಬಂದಿದ್ದು. ಮುಂದಲೆಯ ಅಂಚಿಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಎಲ್‌ಇಡಿ ಪಟ್ಟಿ. ನಿಜವಾದ ಮುಂದಲೆಯನ್ನು ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಪ್ರತಿ ರಾತ್ರಿ ಬಟ್ಟೆ ಸುತ್ತಿ ಹೊಸದಾಗಿ ಕಟ್ಟುತ್ತಾರೆ. ನನ್ನದು ಹೆಲ್ಮೆಟ್ ತರಹ ತಲೆಗೆ ಸಿಕ್ಕಿಸುವಂಥದ್ದು. ಅಜ್ಜ ಇದ್ದಿದ್ದರೆ ಬೈಯುತ್ತಿದ್ದರು, ಆಮೇಲೆ ಸ್ವಿಚ್ ಎಲ್ಲಿದೆ ಅಂತ ಕೇಳುತ್ತಿದ್ದರು.

ಫೋಮ್ ಕೆಲಸ ಮಾಡದವರಿಗೆ ಒಂದು ಮಾತು. ಎರಡೂ ಅಂಚಿಗೆ ಅಂಟು ಹಚ್ಚಿ, ಬೆರಳಿಗೆ ಹತ್ತದಷ್ಟು ಒಣಗೋವರೆಗೂ ಸುಮ್ನೆ ಕೂತು, ಆಮೇಲೆ ಒತ್ತಬೇಕು. ಆ ಹತ್ತು ನಿಮಿಷ ಕಾಯೋಕೆ ಆಗದೆ ನಾನು ಎಡ ಭುಜಕೀರ್ತಿಯನ್ನು ಹಸಿಯಲ್ಲೇ ಒತ್ತಿದ್ದೆ. ಅದರ ಫಲ ಮುಂದೆ ಬರುತ್ತೆ.

ಚಿಕ್ಕಮ್ಮ ಇರುವುದು ಲೆಸ್ಟರ್‌ನಲ್ಲಿ. ಹೊರಟಿದ್ದು ಅವರ ಮನೆಗೆ, ಕಾನ್ ಆಮೇಲೆ ಯೋಜನೆಗೆ ಸೇರಿಕೊಂಡಿದ್ದು. ಎಂಸಿಎಂ ವರ್ಷಕ್ಕೆ ಎರಡು ಸಲ, ಮೇನಲ್ಲಿ ಮತ್ತು ಅಕ್ಟೋಬರ್‌ನಲ್ಲಿ ನಡೆಯುತ್ತೆ. ಆ ಸಲ ಅಕ್ಟೋಬರ್‌ದು ದೀಪಾವಳಿಗೆ ಹತ್ತಿರ ಬಂದಿತ್ತು. ಫೋಮ್ ಭಾರ ಇಲ್ಲ, ಆದರೆ ಜಾಗ ತಿನ್ನುತ್ತೆ. ದೊಡ್ಡ ಸೂಟ್‌ಕೇಸ್‌ನಲ್ಲಿ ಅರ್ಧ ಯೋಧೆ, ಉಳಿದ ಅರ್ಧಕ್ಕೆ ಹುರಿಗಾಳು, ಚಟ್ನಿಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ. ಅಂಟು ಬೆಂಕಿ ಹತ್ತುವ ವಸ್ತು, ವಿಮಾನದಲ್ಲಿ ಬಿಡಲ್ಲ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಸೂಟ್‌ಕೇಸ್ ಬಿಚ್ಚಿದಾಗ ಮೇಲೆ ಎದ್ದಿದ್ದು ಮುಂದಲೆ. ಚಿಕ್ಕಮ್ಮ ಸೊಂಟದ ಮೇಲೆ ಕೈ ಇಟ್ಟು, "ಏನೇ ಇದು, ಉಪ್ಪಿನಕಾಯಿ ಜೊತೆ ರಾಕ್ಷಸನ್ನೂ ಕರ್ಕೊಂಡು ಬಂದಿದೀಯಾ?" ಅಂದರು.

ಶನಿವಾರ ಬೆಳಗ್ಗೆ ಚಿಕ್ಕಪ್ಪ ನನ್ನನ್ನೂ ಅವರ ಮಗ, ಒಂಬತ್ತು ವರ್ಷದ ನನ್ನ ತಮ್ಮನನ್ನೂ ರೈಲು ಹತ್ತಿಸಿ ತಾವೂ ಹತ್ತಿದರು. ಲೆಸ್ಟರ್‌ನಿಂದ ಸೇಂಟ್ ಪ್ಯಾಂಕ್ರಾಸ್‌ಗೆ ಒಂದೂಕಾಲು ಗಂಟೆ. ಅಲ್ಲಿಂದ ಫ್ಯಾರಿಂಗ್ಡನ್, ಅಲ್ಲಿ ಎಲಿಜಬೆತ್ ಲೈನ್ ಹಿಡಿದು ಕಸ್ಟಮ್ ಹೌಸ್. ಇಳಿದರೆ ಎದುರಿಗೇ ಕಾನ್ ನಡೆಯುವ ಕಟ್ಟಡ, ಎಕ್ಸೆಲ್. ಇಷ್ಟು ಸುಲಭ ಇದ್ದಿದ್ದನ್ನು ಕೆಡಿಸಿದ್ದು ನಾನು. ವೈಟ್‌ಚಾಪೆಲ್ ದಾಟಿದ ಮೇಲೆ ಆ ಲೈನ್ ಎರಡಾಗಿ ಒಡೆಯುತ್ತೆ. ಕಸ್ಟಮ್ ಹೌಸ್‌ಗೆ ಹೋಗೋದು ಆಬಿ ವುಡ್ ಗಾಡಿ. ನಾನು ಎಲ್ಲರನ್ನೂ ಅವಸರ ಮಾಡಿ ಹತ್ತಿಸಿದ್ದು ಶೆನ್‌ಫೀಲ್ಡ್ ಗಾಡಿಗೆ. ಸ್ಟ್ರಾಟ್‌ಫರ್ಡ್‌ನಲ್ಲಿ ಇಳಿದು, ವಾಪಸ್ ಬಂದು, ಮತ್ತೆ ಹೋಗುವ ಗಡಿಬಿಡಿಯಲ್ಲಿ ಎಡ ಭುಜಕೀರ್ತಿ ಬಾಗಿಲಿಗೆ ತಾಗಿ ಕಿತ್ತು ಬಂತು. ಮುಖಕ್ಕೆ ಅರ್ಧ ಬಣ್ಣ, ಕೈಯಲ್ಲಿ ಭುಜ. ಗಾಡಿಯಲ್ಲಿ ಒಬ್ಬರೂ ತಲೆ ಎತ್ತಿ ನೋಡಲಿಲ್ಲ. ಲಂಡನ್ ಜನ ಹಾಗೆ ಅಂತ ಚಿಕ್ಕಪ್ಪ ಮೊದಲೇ ಹೇಳಿದ್ದರು. ಆದರೂ ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕಂದರೆ.

ಎಕ್ಸೆಲ್ ದೊಡ್ಡದು ಅಂದರೆ ಸಾಲದು. ಆ ತುದಿಯ ಹಾಲ್‌ನಲ್ಲಿ ತಮ್ಮ ಕಳೆದುಹೋದರೆ ಈ ತುದಿಗೆ ಸುದ್ದಿ ಬರೋದರೊಳಗೆ ಅವನು ಎರಡು ಐಸ್‌ಕ್ರೀಮ್ ತಿಂದಿರುತ್ತಾನೆ. ವೇಷದ ಆಯುಧಗಳನ್ನು ಬಾಗಿಲಲ್ಲೇ ಪರೀಕ್ಷೆ ಮಾಡುತ್ತಾರೆ. ನನ್ನ ಫೋಮ್ ಕತ್ತಿಯನ್ನು ಬಗ್ಗಿಸಿ ನೋಡಿ ಒಂದು ಟ್ಯಾಗ್ ಕಟ್ಟಿದರು.

ಒಳಗೆ ಹೋದ ಮೇಲೆ ಚಿತ್ರ ಬದಲಾಯಿತು. ರೈಲಿನಲ್ಲಿ ಕಣ್ಣೆತ್ತದ ಊರು ಇಲ್ಲಿ ಬಾಯಿ ಬಿಟ್ಟಿತು. ಆರಡಿ ರೆಕ್ಕೆ ಕಟ್ಟಿಕೊಂಡ ಒಬ್ಬಾಕೆ ನೇರ ಬಂದು, ಕೇಳಿ, ನನ್ನ ಎದೆಕಟ್ಟಿನ ಜೋಡಣೆಯ ಮೇಲೆ ಹೆಬ್ಬೆರಳು ಓಡಿಸಿದಳು. ಒಳಗೆ ಬಟ್ಟೆ ಒತ್ತು ಕೊಟ್ಟಿದ್ದೀಯಾ? ಬಣ್ಣಕ್ಕೆ ಮೊದಲು ಏನು ಹಚ್ಚಿದೆ? ಫೆವಿಕಾಲ್‌ಗೆ ನೀರು ಬೆರೆಸಿ ನಾಲ್ಕು ಸಲ ಅಂದೆ. ಫೆವಿಕಾಲ್ ಅಂದರೇನು ಅಂತ ಬಿಡಿಸಿ ಹೇಳಬೇಕಾಯಿತು. ಆಮೇಲೆ ಸೊಂಟದ ಚೀಲದಿಂದ ಬ್ಯಾಟರಿಯ ಪುಟ್ಟ ಗ್ಲೂ ಗನ್ ತೆಗೆದು, ನನ್ನನ್ನು ನೆಲದ ಮೇಲೆ ಕೂರಿಸಿ, ಭುಜಕೀರ್ತಿಯನ್ನು ಅಂಟಿಸಿಕೊಟ್ಟಳು. ಎರಡು ಸೇಫ್ಟಿ ಪಿನ್ ಹೆಚ್ಚಿಗೆ ಹಾಕಿದಳು. ಹೆಸರು ಹೇಳದೆ ಹೋದಳು.

ಇಡೀ ದಿನ ಕೇಳಿದ್ದು ಇದೇ ತರಹದ ಪ್ರಶ್ನೆ: ಹೇಗೆ ಮಾಡಿದೆ? ಎಷ್ಟು ದಿನ ಹಿಡಿಯಿತು? ವೇಷ ಯಾರದ್ದು ಅನ್ನೋದು ಎರಡನೇ ಮಾತು. ಮೊದಲಿಗೆ ಯಕ್ಷಗಾನ, ಕರಾವಳಿ, ಮಲೆನಾಡು, ಚೆಂಡೆ ಅಂತ ಪೂರ್ತಿ ಪಾಠ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ "ನಮ್ಮೂರಲ್ಲಿ ರಾತ್ರಿಯಿಡೀ ಆಡೋ ಆಟ" ಅನ್ನೋವಷ್ಟಕ್ಕೆ ಇಳಿದೆ.

ಚಿತ್ರ ಬರೆಯುವವರ ಮೇಜುಗಳ ಸಾಲಿನಲ್ಲೇ ನನ್ನ ಎರಡು ಗಂಟೆ ಹೋಯಿತು. ತಾವೇ ಬರೆದು ತಾವೇ ಅಚ್ಚು ಹಾಕಿಸಿ ಮಾರುವವರು. ಮೇಜಿನ ಹಿಂದೆ ಕೂತೇ ಮುಂದಿನ ಪುಟಕ್ಕೆ ಇಂಕ್ ಹಾಕುತ್ತಿರುತ್ತಾರೆ. ಕೊಳ್ಳದೆ ನಿಂತು ನೋಡಿದರೂ ಯಾರೂ ಮುಖ ಸಿಂಡರಿಸಲ್ಲ. ಅದಕ್ಕೆ ಹೋಲಿಸಿದರೆ ಸಿನಿಮಾ ನಟರ ಸಹಿ, ಫೋಟೋ ನನಗೆ ಸಪ್ಪೆ. ಕ್ಯೂ, ದುಡ್ಡು, ಐದು ಸೆಕೆಂಡ್, ಮುಂದೆ ನಡಿ. ದೇವಸ್ಥಾನದ ಸ್ಪೆಷಲ್ ದರ್ಶನದಲ್ಲಿ ಕನಿಷ್ಠ ಪ್ರಸಾದ ಸಿಗುತ್ತೆ.

ಟಿಕೆಟ್ ಇಲ್ಲದೆಯೂ ಸಿಗುವ ಒಂದು ಭಾಗ ಇದೆ, ಅದನ್ನು ಬಿಡಬೇಡಿ. ಎಕ್ಸೆಲ್‌ನ ಬೆನ್ನಿಗೇ ರಾಯಲ್ ವಿಕ್ಟೋರಿಯಾ ಡಾಕ್, ಒಂದು ಕಾಲದಲ್ಲಿ ಹಡಗುಗಳು ನಿಲ್ಲುತ್ತಿದ್ದ ಕಟ್ಟೆ. ಈಗ ಅಲ್ಲಿ ವೇಷದವರು ಗುಂಪು ಗುಂಪಾಗಿ ಕೂತಿರುತ್ತಾರೆ. ನಾವೂ ಅಲ್ಲೇ ಕೂತು ಚಿಕ್ಕಮ್ಮ ಕಟ್ಟಿಕೊಟ್ಟ ಚಿತ್ರಾನ್ನ ತಿಂದೆವು. ಚಳಿಗಾಳಿಗೆ ಎಲ್ಲರೂ ನಡುಗುತ್ತಿದ್ದರೆ ಫೋಮ್ ಒಳಗೆ ನಾನೊಬ್ಬಳೇ ಬೆಚ್ಚಗೆ. ಆ ರಾತ್ರಿ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತೆ. ಕಾಲು ನೋವಿಗೆ ಒಂದು ಗಂಟೆ ನಿದ್ದೆ ಪುಕ್ಕಟೆ.

ಲೆಸ್ಟರ್ ಕಾನ್ ಅಲ್ಲ, ಹೋಲಿಕೆಗೆ ಯಾಕೆ ತಂದೆ ಅಂತ ಕೇಳಬಹುದು. ಅಕ್ಟೋಬರ್ 31 ನಮಗೆ ನರಕ ಚತುರ್ದಶಿ, ಅಲ್ಲಿನವರಿಗೆ ಹ್ಯಾಲೋವೀನ್. ಬೆಳಗ್ಗೆ ಎಣ್ಣೆಸ್ನಾನ (ಮೂರನೆಯವರ ಪಾಳಿಗೆ ಬಿಸಿನೀರು ಖಾಲಿ, ಆ ಮೂರನೆಯವಳು ನಾನು), ಸಂಜೆ ಓಣಿಯ ಮಕ್ಕಳೆಲ್ಲ ದೆವ್ವದ ವೇಷ ಹಾಕಿ ಚಾಕಲೇಟ್ ಕೇಳೋಕೆ ಬರುತ್ತಾರೆ. ತಮ್ಮ ನನ್ನ ಮುಂದಲೆ ತೆಗೆದು ತನ್ನ ತಲೆಗೆ ಏರಿಸಿ ಹೊರಟೇಬಿಟ್ಟ. ಕಣ್ಣು ಮುಚ್ಚುವಷ್ಟು ದೊಡ್ಡದಾಗಿತ್ತು. ಒಂದು ಕೈಯಲ್ಲಿ ಅದನ್ನು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಬಕೆಟ್. ಹಿಂದೆ ಪವರ್ ಬ್ಯಾಂಕ್ ಹಿಡಿದು ಚಿಕ್ಕಪ್ಪ, ವೈರ್ ಉದ್ದ ಸಾಲದೆ ಮಗನ ಹೆಜ್ಜೆಗೆ ಹೆಜ್ಜೆ ಹಾಕುತ್ತಾ.

ಆಮೇಲೆ ವೇಷ ನನಗೆ ವಾಪಸ್ ಬಂತು, ಎಲ್ಲರೂ ಬೆಲ್‌ಗ್ರೇವ್ ರೋಡಿಗೆ ಹೋದೆವು. ಸೀರೆ ಅಂಗಡಿ, ಚಿನ್ನದ ಅಂಗಡಿ, ಮಿಠಾಯಿ ಅಂಗಡಿಗಳ ಉದ್ದ ಬೀದಿ. 1972ರಲ್ಲಿ ಇದಿ ಅಮೀನ್ ಉಗಾಂಡದಿಂದ ಓಡಿಸಿದ ಏಷ್ಯನ್ನರಲ್ಲಿ ತುಂಬ ಜನ ಬಂದು ನೆಲೆ ನಿಂತ ಊರು ಇದು. ತಿಂಡಿಯಲ್ಲೇ ಆ ಕಥೆ ಇದೆ: ಮರಗೆಣಸನ್ನು ಕರಿದು ಖಾರ ಹಾಕಿ ಕೊಡುತ್ತಾರೆ, ಮೊಗೊ ಅನ್ನುತ್ತಾರೆ. ಹೆಸರು ಆಫ್ರಿಕಾದ್ದು, ಮಸಾಲೆ ಗುಜರಾತಿನದ್ದು. ನನ್ನನ್ನು ನೋಡಿದ ಒಬ್ಬ ಗುಜರಾತಿ ಅಜ್ಜಿ ರಾಮಲೀಲಾದವಳು ಅಂತ ತಿಳಿದು ಕೈ ಮುಗಿದರು. ಬಾಹ್ಯಾಕಾಶ ಅಂತ ಹೇಳೋಕೆ ಬಾಯಿ ಬರಲಿಲ್ಲ, ನಾನೂ ಮುಗಿದೆ. ಪಟಾಕಿ ಮುಗಿಯುವವರೆಗೂ ಇದ್ದೆವು. ಟಿಕೆಟ್ ಇಲ್ಲ, ಕ್ಯೂ ಇಲ್ಲ. ಆದರೆ ಆ ಜನಜಂಗುಳಿಯಲ್ಲಿ ಭುಜಕೀರ್ತಿ ಹಾಕಿಕೊಂಡು ನಡೆಯೋದು ತಪ್ಪು, ಪಕ್ಕದವರ ಕಣ್ಣಿಗೆ ತಾಗುತ್ತೆ. ಅದನ್ನು ಬಿಚ್ಚಿ ಚಿಕ್ಕಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಇಡೀ ಸಂಜೆ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡಿದ್ದರು.

ಇನ್ನು ನಮ್ಮ ಬೆಂಗಳೂರು. ಭಾರತದಲ್ಲಿ ಕಾಮಿಕ್ ಕಾನ್ ಶುರುವಾಗಿದ್ದು 2011ರಲ್ಲಿ ದೆಹಲಿಯಲ್ಲಿ, ಮರುವರ್ಷವೇ ಬೆಂಗಳೂರಿಗೂ ಬಂತು. ಮೊದಲೆಲ್ಲ ವೈಟ್‌ಫೀಲ್ಡ್ ಅಂದರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತಿತ್ತು. ಈಗ ನೇರಳೆ ಮಾರ್ಗದ ಮೆಟ್ರೋ ಇದೆ. ಇದೇ ವೇಷದಲ್ಲಿ ಮೆಟ್ರೋ ಹತ್ತಿದೆ. ಮೆಜೆಸ್ಟಿಕ್‌ನಿಂದ ಇಳಿಯುವವರೆಗೂ ಇಡೀ ಬೋಗಿ ನನ್ನದೇ ವಿಚಾರಣೆ ಮಾಡಿತು. ಯಾವ ಸೀರಿಯಲ್ ಮೇಡಂ? ಶೂಟಿಂಗ್ ಎಲ್ಲಿ? ಒಬ್ಬ ಅಂಕಲ್ ಮಾತ್ರ, "ಕಾಲೇಜಿಗೆ ರಜಾನಾ?" ಅಂತ ಕೇಳಿ ಕಿಟಕಿ ಕಡೆ ತಿರುಗಿದರು.

ಒಳಗೆ ಸೆಕೆ. ಜನವರಿ ಆದರೇನು, ಫೋಮ್ ಒಳಗೆ ಜನವರಿ ಇಲ್ಲ. ಲಂಡನ್ನಿನಲ್ಲಿ ಆರು ಗಂಟೆ ಹಾಕಿದ್ದ ಮುಂದಲೆಯನ್ನು ಇಲ್ಲಿ ಒಂದೂವರೆ ಗಂಟೆಗೆ ತೆಗೆದೆ. ಹಣೆಯ ಬಣ್ಣ ಕರಗಿ ಹುಬ್ಬಿಗೆ ಇಳಿದಿತ್ತು. ಪ್ರಶ್ನೆಯೂ ಬೇರೆ. ಹೇಗೆ ಮಾಡಿದೆ ಅಂತ ಕೇಳಿದವರು ಬೆರಳೆಣಿಕೆ. ಒಂದು ಸೆಲ್ಫಿ ಅಂದವರು ಲೆಕ್ಕ ಇಲ್ಲ. ಹೆಚ್ಚಿನವರು ಕೇಳಿಯೇ ತೆಗೆದರು, ಕೆಲವರು ಕೇಳದೆ ಹೆಗಲಿಗೆ ಕೈ ಹಾಕಿದರು. ಇದೊಂದು ಕಿರಿಕಿರಿ. ಗೆಳತಿಯರ ಜೊತೆ ಹೋಗಿ, ಒಬ್ಬಳು ಪಕ್ಕದಲ್ಲೇ ಇರಲಿ.

ದುಡ್ಡಿನ ಲೆಕ್ಕದಲ್ಲಿ ಬೆಂಗಳೂರಿಗೆ ಎದುರಿಲ್ಲ. ಲಂಡನ್ನಿನ ಒಂದು ದಿನದ ಟಿಕೆಟ್ ದುಡ್ಡಿಗೆ ಇಲ್ಲಿ ಎರಡು ದಿನ ನೋಡಿ, ದೋಸೆ ಕಾಫಿಗೂ ಉಳಿಯುತ್ತೆ. ಟಿಕೆಟ್ ಜೊತೆ ಒಂದು ಕಾಮಿಕ್ ಪುಸ್ತಕ ಕೈಗೆ ಸಿಗುತ್ತೆ. ಚಿತ್ರಗಾರರ ಮೇಜುಗಳು ಲಂಡನ್ನಿಗಿಂತ ಕಡಿಮೆ, ಆದರೆ ಅಲ್ಲಿ ಸಿಗದ ಒಂದು ನಗು ಇಲ್ಲಿ ಸಿಗುತ್ತೆ. ದರ್ಶಿನಿಯ ಸ್ಟೀಲ್ ಲೋಟದ ಸ್ಟಿಕರ್ ಕಂಡು ನಗೋಕೆ ಬೆಂಗಳೂರಿನಲ್ಲೇ ಇರಬೇಕು, ಅಲ್ವಾ?

ಹಾಗಾಗಿ ರೂಮ್‌ಮೇಟ್‌ಗಳಿಗೆ ನಾನು ಹೇಳೋದು: ಮೊದಲ ಸಲ ಆದರೆ ಬೆಂಗಳೂರು, ಕಣ್ಣುಮುಚ್ಚಿಕೊಂಡು. ಕೈಯಾರೆ ವೇಷ ಮಾಡುವ ಹುಚ್ಚಿದ್ದರೆ ಒಂದು ಸಲ ಲಂಡನ್, ಆದರೆ ಉಳಿಯೋಕೆ ಚಿಕ್ಕಮ್ಮನೋ ಅತ್ತೆಯೋ ಇದ್ದರೆ ಮಾತ್ರ. ಕಾನ್‌ಗೋಸ್ಕರವೇ ವಿಮಾನ ಹತ್ತೋದು ನನಗೆ ಒಪ್ಪಿಗೆ ಇಲ್ಲ. ಮನೆಯವರೆಲ್ಲ ಒಟ್ಟಿಗೆ ಹೋಗೋದಾದರೆ ಲೆಸ್ಟರ್. ಕಾನ್‌ನಲ್ಲಿ ಚಿಕ್ಕಪ್ಪ ಅರ್ಧ ಹೊತ್ತು ಬೆಂಚ್ ಹುಡುಕುತ್ತಿದ್ದರು, ಬೆಲ್‌ಗ್ರೇವ್ ರೋಡಿನಲ್ಲಿ ನಾವೇ ಅವರನ್ನು ಹುಡುಕಬೇಕಾಯಿತು.

ಆದರೆ ಮೂರರಲ್ಲಿ ನನಗೆ ಮರೆಯೋಕೆ ಆಗದ ಗಳಿಗೆ ಯಾವುದು ಅಂತ ಕೇಳಿದರೆ ಉತ್ತರ ಬೇರೆ. ಕೆಟಿಪಿಒದಲ್ಲಿ ಮುಂದಲೆ ತೊಡೆ ಮೇಲೆ ಇಟ್ಟುಕೊಂಡು ನೀರು ಕುಡಿಯುತ್ತಿದ್ದೆ. ಮಗನ ಜೊತೆ ಬಂದಿದ್ದ ಒಬ್ಬ ಅಮ್ಮ ಸ್ವಲ್ಪ ದೂರ ನಿಂತು ನೋಡಿ, ಹತ್ತಿರ ಬಂದರು.

"ಕೇದಗೆ ಮುಂದಲೆ ಅಲ್ವಾ?"

ಮೂರು ಊರಿನಲ್ಲಿ ಹೆಸರು ಹಿಡಿದು ಕೇಳಿದವರು ಅವರೊಬ್ಬರೇ. ಅವರದು ಕುಂದಾಪುರದ ಕಡೆ. "ಹಾಕು ನೋಡುವ," ಅಂದರು. ಹಾಕಿದೆ. "ಹಿಂದೆ ವಾಲಿದೆ ಮಗಾ, ಹಣೆ ಮೇಲೆ ಬರಬೇಕು." ಎರಡೂ ಕೈಯಲ್ಲಿ ಹಿಡಿದು ಮುಂದೆ ಎಳೆದು, ಹಿಂದೆ ಸಡಿಲ ಆದ ಕಡೆ ತಮ್ಮ ಕರ್ಚೀಫ್ ಮಡಿಚಿ ತುರುಕಿದರು. ನಾನು ಸ್ವಿಚ್ ಹಾಕಿದೆ. ಅವರಿಗೆ ನಗು ತಡೆಯಲಿಲ್ಲ. "ನಮ್ಮ ಕಾಲದ ಮೇಳಕ್ಕೆ ಇದು ಸಿಕ್ಕಿದ್ರೆ ಗ್ಯಾಸ್‌ಲೈಟ್ ದುಡ್ಡು ಉಳೀತಿತ್ತು."

ಕರ್ಚೀಫ್ ವಾಪಸ್ ಕೊಡೋಕೆ ಮರೆತೆ. ಇನ್ನೂ ಒಳಗೇ ಇದೆ, ಹಾಗೇ ಬಿಟ್ಟಿದ್ದೇನೆ, ತಲೆಗೆ ಸರಿಯಾಗಿ ಕೂರುತ್ತೆ. ಲೆಸ್ಟರ್‌ನಿಂದ ತಮ್ಮ, ಮುಂದಿನ ದೀಪಾವಳಿಗೆ ತನಗೊಂದು ಬೇಕು ಅಂತ ತಲೆ ಅಳತೆ ಕಳಿಸಿದ್ದಾನೆ: 53 ಸೆಂಟಿಮೀಟರ್. ಲೈಟ್ ಹಸಿರು ಬೇಕಂತೆ, ವೈರ್ ಉದ್ದ ಇರಬೇಕಂತೆ. ಎರಡನೆಯದು ಚಿಕ್ಕಪ್ಪನ ಬೇಡಿಕೆ.