ಬಣ್ಣಕ್ಕೆಂದು ಹೂ ಬೆಳೆದಾಗ: ಚೆಂಡುಹೂವೋ, ಶಂಖಪುಷ್ಪವೋ?

ಎರಡನ್ನೂ ಬಣ್ಣ ತೆಗೆಯುವ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡೇ ಬೆಳೆದಿದ್ದೇನೆ. ಮೊದಲು ಚೆಂಡುಹೂ, ಅದರ ಮುಂದಿನ ವರ್ಷ ಪಕ್ಕದ ತುಂಡಿನಲ್ಲಿ ಶಂಖಪುಷ್ಪ. ಯಾವುದು ಒಳ್ಳೆಯದು ಎಂದು ಕೇಳುವವರೆಲ್ಲ ಮೊದಲು ದರ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ: ಕೊಯ್ದ ಹೂ ಎಷ್ಟು ದಿನ ಕಾಯುತ್ತದೆ?

ಬೇಸಾಯದ ಮಟ್ಟಿಗೆ ಚೆಂಡುಹೂವೇ ಸುಲಭ. ನಾಟಿ ಮಾಡಿ ಎರಡು ತಿಂಗಳಿಗೆಲ್ಲ ಕೊಯ್ಲು ಶುರು. ಸಮಯಕ್ಕೆ ಕುಡಿ ಚಿವುಟಿದರೆ ಕವಲು ಚೆನ್ನಾಗಿ ಒಡೆಯುತ್ತದೆ. ಯೂರಿಯಾ ಜಾಸ್ತಿ ಹಾಕಿದರೆ ಸೊಪ್ಪು ಬೆಳೆಯುತ್ತದೆ, ಹೂ ಕಡಿಮೆ. ಬೇರಿಗೆ ಗಂಟು ಕಟ್ಟುವ ಜಂತುಹುಳು ಇರುವ ಹೊಲದಲ್ಲಿ ಇದನ್ನು ಬೆಳೆದರೆ ಆ ಕಾಟವೂ ತಗ್ಗುತ್ತದೆ. ಕಂಪನಿಗೆ ಬೇಕಿರುವುದು ದಟ್ಟ ಕೇಸರಿ ಬಣ್ಣದ ಹೂ, ಯಾಕೆಂದರೆ ಲ್ಯೂಟಿನ್ ಎಂಬ ಹಳದಿ ಬಣ್ಣದ ಅಂಶ ಅದರಲ್ಲೇ ಹೆಚ್ಚು. ತಿಳಿ ಹಳದಿ ಹೂವಿನಲ್ಲಿ ಅಷ್ಟಿರುವುದಿಲ್ಲ. ಹಾಗಾಗಿ ಬೀಜವನ್ನು ಅವರೇ ಕೊಟ್ಟರು. ಈ ಲ್ಯೂಟಿನ್ ಕೋಳಿ ಆಹಾರಕ್ಕೆ ಸೇರಿ ಮೊಟ್ಟೆಯ ಹಳದಿಯನ್ನು ಗಾಢ ಮಾಡುತ್ತದೆ, ಕಣ್ಣಿನ ಮಾತ್ರೆಗಳಿಗೂ ಹೋಗುತ್ತದೆ.

ಶಂಖಪುಷ್ಪ ನೀಲಿ ಹೂ ಬಿಡುವ ಬಳ್ಳಿ. ಹಂದರ ಬೇಕು. ಹೂ ಒಂದೇ ದಿನದ್ದು, ಬೆಳಗ್ಗೆ ಅರಳಿದ್ದನ್ನು ಅವತ್ತೇ ಬಿಡಿಸಬೇಕು. ಒಂದು ದಿನ ತಪ್ಪಿದರೆ ಆ ದಿನದ ಫಸಲು ಹೋದಂತೆ. ಚೆಂಡುಹೂವನ್ನು ವಾರಕ್ಕೊಮ್ಮೆ ಬುಟ್ಟಿ ತುಂಬಾ ಕೊಯ್ದಿದ್ದ ಕೈಗಳಿಗೆ ಇದು ನಿಜಕ್ಕೂ ಕಷ್ಟ. ಒಂದು ಸಮಾಧಾನ ಏನೆಂದರೆ, ದ್ವಿದಳ ಜಾತಿಯಾದ್ದರಿಂದ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಗೊಬ್ಬರದ ಖರ್ಚು ಕಡಿಮೆ.

ಇನ್ನು ತೂಕದ ವಿಷಯ. ಚೆಂಡುಹೂವನ್ನು ಹಸಿಯಾಗಿಯೇ ತೂಗುತ್ತಾರೆ. ಹುಳಿ ಬರಿಸುವುದು, ಹಿಂಡುವುದು, ಒಣಗಿಸುವುದು, ಹೆಕ್ಸೇನ್ ಎಂಬ ದ್ರಾವಕ ಹಾಕಿ ಬಣ್ಣ ತೆಗೆಯುವುದು ಎಲ್ಲ ಅವರ ಕೆಲಸ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ರಾಶಿ ಹಾಕಿದ ಹಸಿ ಹೂ ಒಳಗೇ ಬಿಸಿಯಾಗಿ ಕೊಳೆಯತೊಡಗುತ್ತದೆ. ಒಮ್ಮೆ ಲಾರಿ ಎರಡು ದಿನ ತಡವಾಗಿ ಬಂತು. ಚೀಲದ ನಡುವಿನ ಹೂ ಕಪ್ಪಾಗಿತ್ತು. ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ತೂಗಿದರು. ಮಳೆಯಲ್ಲಿ ಕೊಯ್ದ ಹೂವಿಗೆ ನೀರಿನ ತೂಕವೆಂದು ಎಷ್ಟು ಕಳೆಯಬೇಕು ಎನ್ನುವುದನ್ನೂ ಅವರೇ ತೀರ್ಮಾನಿಸಿದರು. ಕಾಗದದಲ್ಲಿ ಆ ಬಗ್ಗೆ ಒಂದು ಸಾಲೂ ಇರಲಿಲ್ಲ. ಸಹಿ ಹಾಕುವಾಗ ನಾನು ನೋಡಿದ್ದು ದರ ಮಾತ್ರ.

ಶಂಖಪುಷ್ಪವನ್ನು ಒಣಗಿಸಿ ಕೊಡಬೇಕು. ನಮ್ಮಲ್ಲಿ ಹತ್ತು ಬುಟ್ಟಿ ಹಸಿ ಹೂ ಒಣಗಿದರೆ ತೂಕದಲ್ಲಿ ಸುಮಾರು ಒಂದು ಬುಟ್ಟಿಯಷ್ಟು ಉಳಿಯುತ್ತಿತ್ತು. ಬಿಸಿಲಿಗೆ ನೇರ ಹರವಿದ ಮೊದಲ ಕಂತು ಮಂಕಾಯಿತು, ಕಂಪನಿಯವರು ದರ ಇಳಿಸಿದರು. ಆಮೇಲೆ ನೆರಳಲ್ಲಿ, ಗಾಳಿ ಆಡುವ ಕಡೆ ತೆಳುವಾಗಿ ಹರವಿದೆ. ನೀಲಿ ಉಳಿಯಿತು. ಹೂ ಸರಿಯಿದೆಯೇ ಎಂದು ನಾನೇ ನೋಡಬಲ್ಲೆ: ನಾಲ್ಕು ಹೂ ಬಿಸಿನೀರಿಗೆ ಹಾಕಿದರೆ ಬಣ್ಣದ ಗಾಢತೆ ಕಾಣುತ್ತದೆ, ನಿಂಬೆರಸ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಚೆಂಡುಹೂವಿನಲ್ಲಿ ಲ್ಯೂಟಿನ್ ಎಷ್ಟಿದೆ ಎನ್ನಲು ಅವರ ಲ್ಯಾಬ್ ಹೇಳಿದ್ದನ್ನೇ ನಂಬಬೇಕು.

ಎರಡನೇ ಕಂತಿಗೂ ದರದ ಚೌಕಾಸಿ ಶುರುವಾದಾಗ ಒಣ ಹೂವನ್ನು ಗಾಳಿಯಾಡದ ಡಬ್ಬಗಳಲ್ಲಿ ತುಂಬಿಟ್ಟು, ಒಂದು ತಿಂಗಳು ಸುಮ್ನೆ ಕುಳಿತೆ. ಕೊನೆಗೆ ಕಾಗದದಲ್ಲಿದ್ದ ದರವೇ ಸಿಕ್ಕಿತು. ಚೆಂಡುಹೂವಿನ ಜೊತೆ ಹಾಗೆ ಕೂರಲು ಆಗುವುದೇ ಇಲ್ಲ. 2021ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಶಂಖಪುಷ್ಪದ ಸಾರವನ್ನು ಆಹಾರದ ಬಣ್ಣವಾಗಿ ಒಪ್ಪಿದೆ, ಆ ನೀಲಿಯನ್ನು ಬೇರೆಯವರೂ ಕೇಳುತ್ತಾರೆ ಎನ್ನುವ ಧೈರ್ಯವೂ ನನಗಿತ್ತು.

ಮನೆಯಲ್ಲಿ ದಿನಾ ಬೆಳಗ್ಗೆ ಬಿಡುವಿರುವ ಮೂರ್ನಾಲ್ಕು ಕೈಗಳಿದ್ದರೆ ಶಂಖಪುಷ್ಪ ಹಾಕಿ, ಆದರೆ ಸಣ್ಣ ತುಂಡಿನಲ್ಲಿ. ಹೊಲ ದೊಡ್ಡದು, ಆಳು ಕಡಿಮೆ ಎಂದಾದರೆ ಚೆಂಡುಹೂವೇ ಸರಿ. ನಾನೂ ಈ ಸಲ ಅದಕ್ಕೇ ಮರಳುತ್ತಿದ್ದೇನೆ. ಸಹಿ ಹಾಕುವ ಮೊದಲು ಎರಡು ಸಾಲು ಸೇರಿಸಿ ಎಂದು ಕೇಳಿದ್ದೇನೆ: ಮಳೆ ನೀರಿಗೆ ಎಷ್ಟು ಕಳೆಯುತ್ತೀರಿ, ಲಾರಿ ಬಾರದ ದಿನದ ಹೂವಿಗೆ ಯಾರು ಹೊಣೆ. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ ಉತ್ತರ ಬರುವವರೆಗೆ ಸಸಿ ಮಡಿಗೆ ಬೀಜ ಚೆಲ್ಲುವುದಿಲ್ಲ.