ಭಾಷಾವಿಜ್ಞಾನವೋ, ಮಧ್ಯಯುಗದ ಇಂಗ್ಲಿಷ್ ಸಾಹಿತ್ಯವೋ: ಯಾವುದನ್ನು ಕಲಿಸುವುದು?

ಭಾಷಾವಿಜ್ಞಾನಕ್ಕೆ ವಿದ್ಯಾರ್ಥಿಗಳ ಬಾಯೇ ಪ್ರಯೋಗಶಾಲೆ. ಗಂಟಲ ಮೇಲೆ ಬೆರಳಿಟ್ಟು ‘ಸ್‌ಸ್‌’, ‘ಜ಼್‌ಜ಼್‌’ ಎನ್ನಿಸಿದರೆ ಅಘೋಷ (ಗಂಟಲು ಕಂಪಿಸದ), ಘೋಷ (ಕಂಪಿಸುವ) ಧ್ವನಿಗಳ ಭೇದ ಬೆರಳಿಗೇ ತಿಳಿಯುತ್ತದೆ. ಮೌಲ್ಯಮಾಪನವೂ ಸಲೀಸು.

ಮಧ್ಯಯುಗದ ಸಾಹಿತ್ಯ ತಾಳ್ಮೆ ಬೇಡುತ್ತದೆ. 1400ರಲ್ಲಿ ತೀರಿಕೊಂಡ ಇಂಗ್ಲಿಷ್ ಕವಿ ಚಾಸರ್‌ನ ಸಾಲುಗಳನ್ನು ಓದಿಸಲು ಮೊದಲು ಉಚ್ಚಾರಣೆ ಕಲಿಸಬೇಕು. ಇಂದಿನ ‘ನೈಟ್’ (knight, ಅಶ್ವಯೋಧ) ಆಗ ಹೆಚ್ಚುಕಡಿಮೆ ‘ಕ್ನಿಹ್ಟ್’. ಈಗ ಮೂಕವಾಗಿರುವ ಆ ಅಕ್ಷರಗಳು ತರಗತಿಯಲ್ಲಿ ಒಮ್ಮೆಲೇ ಮಾತಾಡಿದಾಗ ಆಗುವ ಬೆರಗಿಗೆ ಸಾಟಿಯಿಲ್ಲ. ಚಾಸರ್‌ಗಿಂತ ಹಿಂದಿನ ಮಹಾಕಾವ್ಯ ‘ಬಿಯೊವುಲ್ಫ್’ ಇನ್ನೂ ಕಠಿಣ: ಹಳೆಯ ಇಂಗ್ಲಿಷಿನ ವಿಭಕ್ತಿಗಳು ಬಾರದಿದ್ದರೆ ಅನುವಾದವೇ ಗತಿ.

ಸಮಸ್ಯೆ ಬಿಡಿಸುವುದು ನಿಮಗೆ ಇಷ್ಟವಾದರೆ ಮೊದಲನೆಯದು. ಒಂದೇ ಪುಟದಲ್ಲಿ ಒಂದು ಗಂಟೆ ನಿಲ್ಲಬಲ್ಲಿರಾದರೆ ಎರಡನೆಯದು. ನಾನಂತೂ ಅದನ್ನೇ ಆರಿಸುತ್ತೇನೆ. ಎರಡೂ ಬೇಕೆನಿಸಿದರೆ ಇಂಗ್ಲಿಷ್ ಭಾಷೆಯ ಚರಿತ್ರೆಯ ಕೋರ್ಸನ್ನು ಕಲಿಸಲು ಕೇಳಿ ಪಡೆಯಿರಿ. ಅಲ್ಲಿ ಚಾಸರ್‌ನ ಪದ್ಯವೇ ಸ್ವರಪಲ್ಲಟಕ್ಕೆ, ಅಂದರೆ ಇಂಗ್ಲಿಷಿನ ದೀರ್ಘ ಸ್ವರಗಳ ಉಚ್ಚಾರಣೆ ಮುಂದೆ ಬದಲಾದದ್ದಕ್ಕೆ, ಉದಾಹರಣೆ.