ನೂರಿನ್ನೂರು ಜನರ ಆಟದ ಫೋರಂಗೆ ಯಾವ ವೇದಿಕೆ ಸರಿ? ಮೂರನ್ನೂ ನಡೆಸಿ ನೋಡಿದವನ ಲೆಕ್ಕ

ಹುಲ್ಲು ನೇರಳೆ ಬಣ್ಣಕ್ಕೂ ನೀರು ಕೆಂಪಿಗೂ ತಿರುಗಿದರೆ ಏನು ಮಾಡಬೇಕು? ನಮ್ಮ ಫೋರಂ ಹುಟ್ಟಿದ್ದೇ ಈ ಪ್ರಶ್ನೆಯಿಂದ. 2010ರ ಸುಮಾರಿಗೆ ಮೈಸೂರಿನ ಒಂದು ಹಾಸ್ಟೆಲಿನಲ್ಲಿ ನಾವು ಏಜ್ ಆಫ್ ಎಂಪೈರ್ಸ್ ಎಂಬ ಯುದ್ಧದ ಕಂಪ್ಯೂಟರ್ ಆಟದ ಎರಡನೆಯ ಕಂತಿಗೆ ಅಂಟಿಕೊಂಡಿದ್ದೆವು. 1999ರ ಆಟ, 256 ಬಣ್ಣಗಳ ಕಾಲದ್ದು. ವಿಂಡೋಸ್ 7ರಲ್ಲಿ ಅದರ ಬಣ್ಣವೆಲ್ಲ ಕೆಡುತ್ತಿತ್ತು. ಟಾಸ್ಕ್ ಮ್ಯಾನೇಜರ್ ತೆರೆದು ಎಕ್ಸ್‌ಪ್ಲೋರರ್ ಮುಚ್ಚಿ, ಆಮೇಲೆ ಆಟ ಶುರು ಮಾಡಿದರೆ ಹುಲ್ಲು ಮತ್ತೆ ಹಸಿರಾಗುತ್ತಿತ್ತು. ಕೋಣೆ ಕೋಣೆಗೆ ಹೋಗಿ ಇದನ್ನೇ ಹೇಳಿ ಬೇಸತ್ತು, ಒಂದು ಕಡೆ ಬರೆದಿಟ್ಟರೆ ಪೀಡೆ ಕಳೆಯುತ್ತದೆ ಎಂದುಕೊಂಡು ಫೋರಂ ತೆರೆದೆ. ಪೀಡೆ ಕಳೆಯಲಿಲ್ಲ, ಹದಿನೈದು ವರ್ಷಗಳಿಂದ ಜೊತೆಗಿದೆ.

ಈ ಅವಧಿಯಲ್ಲಿ ಅದೇ ಜನರನ್ನು ಮೂರು ಮನೆಗಳಲ್ಲಿ ಇಟ್ಟು ನೋಡಿದ್ದೇನೆ: ಪಿಎಚ್‌ಪಿಬಿಬಿ, ಡಿಸ್ಕೋರ್ಸ್ ಎಂಬ ಎರಡು ಫೋರಂ ತಂತ್ರಾಂಶಗಳು, ಮತ್ತೆ ಆಡುತ್ತಲೇ ಹರಟುವ ಡಿಸ್ಕಾರ್ಡ್. ಜೆನ್‌ಫೋರೋ ಎಂಬ ಇನ್ನೊಂದು ಫೋರಂ ತಂತ್ರಾಂಶವನ್ನು ಬೆಲೆ ನೋಡಿಯೇ ಬಿಟ್ಟೆ. ಎಸ್‌ಎಂಎಫ್ ಎಂಬ ಮತ್ತೊಂದನ್ನು ಒಂದು ವಾರಾಂತ್ಯ ಹಾಕಿ ತೆಗೆದೆ. ಪಿಎಚ್‌ಪಿಬಿಬಿಯಲ್ಲಿ ಇಲ್ಲದ್ದು ನನಗೆ ಅದರಲ್ಲಿ ಕಾಣಲಿಲ್ಲ.

ಪಿಎಚ್‌ಪಿಬಿಬಿಯ ದೊಡ್ಡ ಗುಣ ಅದರ ಬಡತನ. ಹಂಚಿಕೆಯ ಹೋಸ್ಟಿಂಗ್‌ನಲ್ಲಿ, ಎಂದರೆ ಹಲವು ತಾಣಗಳು ಒಂದೇ ಸರ್ವರ್ ಹಂಚಿಕೊಳ್ಳುವಲ್ಲಿ, ವರ್ಷಕ್ಕೆ ಎರಡೂವರೆ ಸಾವಿರ ರೂಪಾಯಿಯೊಳಗೆ ನಡೆಯುತ್ತದೆ. ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದಿಷ್ಟು ಕಡತಗಳು, ಬರಹಗಳನ್ನೆಲ್ಲ ಇಡುವ ಒಂದು ಮೈಎಸ್‌ಕ್ಯೂಎಲ್ ದತ್ತಸಂಚಯ, ಅಷ್ಟೇ. ಇವೆರಡನ್ನೂ ನಕಲು ಮಾಡಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಇಡೀ ಊರೇ ಜೇಬಿನಲ್ಲಿ. ಒಮ್ಮೆ ನಮ್ಮ ಹೋಸ್ಟಿಂಗ್ ಕಂಪನಿ ಹೇಳದೆ ಕೇಳದೆ ಬಾಗಿಲು ಹಾಕಿದಾಗ ನನ್ನನ್ನು ಉಳಿಸಿದ್ದು ಆ ಪೆನ್‌ಡ್ರೈವ್. ಗುಂಡಿಗಳ ಮೇಲಿನ ಪದಗಳೂ ಸರಳ ಕಡತಗಳಲ್ಲಿ ಇರುವುದರಿಂದ ಒಂದು ದಸರಾ ರಜೆಯಲ್ಲಿ ಕುಳಿತು ಅರ್ಧದಷ್ಟನ್ನು ಕನ್ನಡಕ್ಕೆ ತಂದೆ. ‘ರಿಪ್ಲೈ’ ಗುಂಡಿಗೆ ‘ಮಾರುತ್ತರ’ ಎಂದು ಬರೆದದ್ದಕ್ಕೆ ಇವತ್ತಿಗೂ ಗೆಳೆಯರು ಗೇಲಿ ಮಾಡುತ್ತಾರೆ.

ಹಳೆಯ ಆವೃತ್ತಿಗಳ ಕಷ್ಟ ಬೇರೆಯೇ. 3.1 ಬರುವ ತನಕ, ಎಂದರೆ 2014ರವರೆಗೆ, ಚಿಕ್ಕದೊಂದು ಸೌಲಭ್ಯ ಸೇರಿಸಬೇಕಾದರೂ ಮೂಲ ಕಡತಗಳನ್ನೇ ತೆರೆದು ಇಂಥ ಸಾಲಿನ ಕೆಳಗೆ ಇಂಥ ಸಾಲು ಎಂದು ತುಂಬಬೇಕಿತ್ತು. ಮುಂದಿನ ಪರಿಷ್ಕರಣೆ ಬಂದಾಗ ತುಂಬಿದ್ದೆಲ್ಲ ನೀರುಪಾಲು. ಮೊಬೈಲಿನಲ್ಲಿ ಪುಟ ಹಿಗ್ಗಿಸಿ ಕುಗ್ಗಿಸಿ ಓದುವ ಶಿಕ್ಷೆಯೂ ಆ ಆವೃತ್ತಿಯೊಂದಿಗೇ ಮುಗಿಯಿತು. ಕಡತ ಲಗತ್ತಿಸಲು ತಾನಾಗಿ ಕೊಡುವ ಮಿತಿ 256 ಕೆಬಿ. ನಮ್ಮ ಆಟದ ದಾಖಲೆಗಳಿಗೆ ಅದು ಸಾಲದು. ಈ ದಾಖಲೆಗಳಲ್ಲಿ ದೃಶ್ಯ ಇರುವುದಿಲ್ಲ, ಆಟಗಾರರು ಕೊಟ್ಟ ಆಜ್ಞೆಗಳು ಮಾತ್ರ ಇರುತ್ತವೆ. ಹಾಗಾಗಿ ಗಂಟೆಗಟ್ಟಲೆ ನಡೆದ ಯುದ್ಧವೂ ಕೆಲವೇ ಎಂಬಿಗಳಲ್ಲಿ ಮುಗಿಯುತ್ತದೆ. ಮಿತಿ ಹೆಚ್ಚಿಸುವುದು ಎರಡು ನಿಮಿಷದ ಕೆಲಸ, ಆದರೆ ಪಿಎಚ್‌ಪಿಯ ಸ್ವಂತ ಮಿತಿ ಇನ್ನೊಂದಿದೆ ಎಂದು ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ನಿಜವಾದ ತಲೆನೋವು ಕಸದ ಸಂದೇಶಗಳದ್ದು. ನೋಂದಣಿಯಲ್ಲಿ ಓರೆಕೋರೆ ಅಕ್ಷರದ ಚಿತ್ರ ಇಟ್ಟಿದ್ದಾಗ ಬೆಳಗಾಗುವಷ್ಟರಲ್ಲಿ ಅರುವತ್ತು ಎಪ್ಪತ್ತು ಸುಳ್ಳು ಸದಸ್ಯರು ಸೇರಿರುತ್ತಿದ್ದರು. ಚಿತ್ರ ತೆಗೆದು, ಕನ್ನಡದಲ್ಲಿ ಒಂದು ಪ್ರಶ್ನೆ ಇಟ್ಟೆ: ‘ಬೇಂದ್ರೆಯವರ ಊರು ಯಾವುದು?’ ಸುಳ್ಳು ಖಾತೆ ತೆರೆಯುವ ಯಂತ್ರಗಳ ಕಾಟ ಒಂದೇ ರಾತ್ರಿಯಲ್ಲಿ ನಿಂತಿತು. ಆದರೆ ಮನುಷ್ಯರೂ ನಿಂತರು. ಧಾರವಾಡ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದವರು, ಕೊನೆಗೊಂದು ಚುಕ್ಕಿ ಇಟ್ಟವರು ಎಲ್ಲರಿಗೂ ಬಾಗಿಲು ಬಂದ್. ಅದೃಷ್ಟಕ್ಕೆ ಸಾಲಿಗೊಂದರಂತೆ ಎಷ್ಟು ಉತ್ತರಗಳನ್ನಾದರೂ ಕೊಡಬಹುದು. ಕೊಡುತ್ತಾ ಹೋದೆ. ಒಬ್ಬರು ‘ಸಾಧನಕೇರಿ’ ಎಂದು ಬರೆದು, ಒಳಗೆ ಬಿಡಲಿಲ್ಲವೆಂದು ನನಗೆ ಸಿಟ್ಟಿನ ಇಮೇಲ್ ಕಳಿಸಿದರು. ಅವರದೇ ಸರಿ; ಅದನ್ನೂ ಸೇರಿಸಿದೆ. ಈಗೀಗ ಯಂತ್ರಗಳಿಗೂ ಬೇಂದ್ರೆ ಗೊತ್ತು, ಆದ್ದರಿಂದ ಹೊಸಬರ ಮೊದಲ ಮೂರು ಬರಹಗಳನ್ನು ನಾನೇ ಓದಿ ಒಪ್ಪುತ್ತೇನೆ.

2018ರಲ್ಲಿ ಡಿಸ್ಕೋರ್ಸ್‌ಗೆ ಹೋದೆ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣವಾದ ಸ್ಟಾಕ್ ಓವರ್‌ಫ್ಲೋ ಕಟ್ಟಿದವರಲ್ಲಿ ಒಬ್ಬರಾದ ಜೆಫ್ ಅಟ್‌ವುಡ್ ಜೊತೆಗಾರರೊಂದಿಗೆ 2013ರಲ್ಲಿ ಹೊರತಂದದ್ದು ಇದು. ಓದುವ ಸುಖದಲ್ಲಿ ಇದಕ್ಕೆ ಸಾಟಿಯಿಲ್ಲ ಎಂದು ಈಗಲೂ ಹೇಳುತ್ತೇನೆ. ಓದುತ್ತಾ ಎಲ್ಲಿ ನಿಲ್ಲಿಸಿದ್ದೆವೋ ಮರುದಿನ ಅಲ್ಲಿಂದಲೇ ತೆರೆಯುತ್ತದೆ. ಸದಸ್ಯರನ್ನು ಅದೇ ಅಳೆಯುತ್ತದೆ: ಐದು ವಿಷಯ ತೆರೆದು, ಮೂವತ್ತು ಬರಹ ಓದಿ, ಹತ್ತು ನಿಮಿಷ ಕಳೆದವನಿಗೆ ನಂಬಿಕೆಯಲ್ಲಿ ಸೊನ್ನೆಯಿಂದ ಒಂದನೆಯ ಮೆಟ್ಟಿಲು. ಪೋಲೀಸ್ ಕೆಲಸ ಬಹುಪಾಲು ನನ್ನ ಕೈ ಬಿಟ್ಟಿತು.

ಬದಲಿಗೆ ಮೆಕ್ಯಾನಿಕ್ ಕೆಲಸ ಅಂಟಿಕೊಂಡಿತು. ಹಂಚಿಕೆಯ ಹೋಸ್ಟಿಂಗ್ ಇದಕ್ಕೆ ನಡೆಯದು, ಸ್ವಂತ ಸರ್ವರ್ ಬೇಕು, ಕನಿಷ್ಠ ಒಂದು ಜಿಬಿ ಮೆಮೊರಿ. ಡಾಕರ್, ಪೋಸ್ಟ್‌ಗ್ರೆಸ್, ರೆಡಿಸ್ ಎಂದು ಒಳಗೆ ಬೇರೆ ಬೇರೆ ತಂತ್ರಾಂಶಗಳ ಒಂದು ಅವಿಭಕ್ತ ಕುಟುಂಬವೇ ಇದೆ. ದೊಡ್ಡ ಪರಿಷ್ಕರಣೆ ಎಂದರೆ ಎಲ್ಲವನ್ನೂ ಮತ್ತೆ ಕಟ್ಟಬೇಕು, ಅಷ್ಟು ಹೊತ್ತೂ ತಾಣ ಬಂದ್. ಇಮೇಲ್ ಹೋಗದಿದ್ದರೆ ಯಾರೂ ನೋಂದಾಯಿಸಿಕೊಳ್ಳಲಾಗದು, ಅಗ್ಗದ ಸರ್ವರುಗಳಲ್ಲೋ ಇಮೇಲ್ ಹೊರಹೋಗುವ ದಾರಿಯನ್ನೇ ಮುಚ್ಚಿರುತ್ತಾರೆ. ಅದಕ್ಕೊಂದು ಬೇರೆ ಸೇವೆ ಹಿಡಿಯಬೇಕಾಯಿತು. ವರ್ಷದ ಖರ್ಚು ಎರಡೂವರೆ ಸಾವಿರದಿಂದ ಏಳು ಸಾವಿರಕ್ಕೆ ಏರಿತು.

ಕನ್ನಡಕ್ಕೂ ಅದು ಮೊದಲಿಗೆ ಮುಖ ಗಂಟು ಹಾಕಿತು. ಕನ್ನಡ ಶೀರ್ಷಿಕೆ ಇಟ್ಟ ವಿಷಯಗಳ ಕೊಂಡಿಯಲ್ಲೆಲ್ಲ ‘ಟಾಪಿಕ್’ ಎಂಬ ಒಂದೇ ಪದ. ಸೆಟ್ಟಿಂಗ್ ಬದಲಿಸಿದ ಮೇಲೆ ಸರಿಹೋಯಿತು. ಇಪ್ಪತ್ತು ಅಕ್ಷರಕ್ಕಿಂತ ಚಿಕ್ಕ ಬರಹವನ್ನು ಅದು ಒಪ್ಪುವುದಿಲ್ಲ. ‘ಹೌದು ಮಾರಾಯ’ ಎಂದು ಬರೆದರೆ ‘ಸಾಲದು’ ಎನ್ನುತ್ತದೆ. ನಮ್ಮವರು ಹೌದುಹೌದುಹೌದು ಎಂದು ತುಂಬಿಸತೊಡಗಿದ ಮೇಲೆ ಆ ಮಿತಿಯನ್ನೂ ಇಳಿಸಿದೆ.

ಆದರೆ ಡಿಸ್ಕೋರ್ಸ್ ಬಿಡಲು ಕಾರಣ ಇವಾವುವೂ ಅಲ್ಲ, ನನ್ನದೇ ಒಂದು ತಪ್ಪು. ಹಳೆಯ ಹನ್ನೊಂದು ಸಾವಿರ ಬರಹಗಳನ್ನು ಒಂದೇ ರಾತ್ರಿಯಲ್ಲಿ ಆಮದು ಮಾಡಿಕೊಂಡು ಬೀಗಿದೆ. ಪಾಸ್‌ವರ್ಡುಗಳು ಜೊತೆಗೆ ಬರಬೇಕಾದರೆ ಬೇರೆ ಪ್ಲಗಿನ್ (ಹೆಚ್ಚುವರಿ ಸೌಲಭ್ಯದ ಕಿರು ತಂತ್ರಾಂಶ) ಹಾಕಬೇಕಿತ್ತೆಂದು ಓದಿರಲಿಲ್ಲ. ಎಲ್ಲರೂ ಇಮೇಲ್ ಮೂಲಕ ಹೊಸ ಪಾಸ್‌ವರ್ಡ್ ಪಡೆಯಬೇಕಾಯಿತು. ಅವರಲ್ಲಿ ಅರ್ಧ ಜನ ನೋಂದಾಯಿಸಿದ್ದು ಕಾಲೇಜಿನ ಇಮೇಲಿನಲ್ಲಿ. ಕಾಲೇಜು ಬಿಟ್ಟ ಮೇಲೆ ಆ ವಿಳಾಸಗಳು ಎಂದೋ ಸತ್ತಿದ್ದವು. ಹೋದವರು ಹೋದರು.

ಉಳಿದವರನ್ನು 2020ರ ಲಾಕ್‌ಡೌನ್ ಡಿಸ್ಕಾರ್ಡ್‌ಗೆ ಎಳೆಯಿತು. ಆಟದ ಹೊಸ ಆವೃತ್ತಿ ಹಿಂದಿನ ವರ್ಷದ ನವೆಂಬರಿನಲ್ಲಷ್ಟೇ ಬಂದಿತ್ತು, ಎಲ್ಲರೂ ಮನೆಯಲ್ಲಿದ್ದರು. ಖರ್ಚು ಸೊನ್ನೆ, ಆಡುತ್ತಲೇ ಮಾತು. ಶಿರಸಿಯವನೊಬ್ಬ, ಮಸ್ಕತ್‌ನವನೊಬ್ಬ ಒಟ್ಟಿಗೆ ಕೂಗಾಡುವ ಆ ಗದ್ದಲವನ್ನು ಯಾವ ಫೋರಂ ಕೊಟ್ಟೀತು? 2022ರ ಏಪ್ರಿಲಿನಲ್ಲಿ ಆಟಕ್ಕೆ ದ್ರಾವಿಡಿಯನ್ಸ್ ಎಂಬ ಪಡೆ ಸೇರಿದಾಗ, ಇದರಲ್ಲಿ ಚಾಲುಕ್ಯರು ಎಲ್ಲಿ, ಹೊಯ್ಸಳರು ಎಲ್ಲಿ ಎಂದು ಮೂರು ರಾತ್ರಿ ವಾದ ನಡೆಯಿತು. ನಾನು ಕೇಳಿದ ಅತ್ಯುತ್ತಮ ಚರ್ಚೆಗಳಲ್ಲಿ ಅದೊಂದು. ಈಗ ಹುಡುಕಿದರೆ ಅದರ ತುಣುಕುಗಳಷ್ಟೇ ಸಿಗುತ್ತವೆ, ನಡುವೆ ಮೀಮುಗಳ ರಾಶಿ. ಧ್ವನಿಯಲ್ಲಿ ಹೇಳಿದ್ದಂತೂ ಗಾಳಿಗೆ ಹೋಯಿತು.

ಡಿಸ್ಕಾರ್ಡ್‌ನ ಒಳಗಿನ ಮಾತು ಗೂಗಲ್ಲಿಗೆ ಕಾಣುವುದಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೋರಂ ಮಾದರಿಯ ಚಾನೆಲ್ಲುಗಳು ಬಂದವು. ಒಳಗಿದ್ದವರಿಗೆ ಅನುಕೂಲವಾಯಿತು, ಹೊರಗಿನಿಂದ ಹುಡುಕುವವನಿಗೆ ಗೋಡೆ ಗೋಡೆಯೇ. ಉಚಿತ ಖಾತೆಯಲ್ಲಿ ಒಂದು ಕಡತಕ್ಕೆ ಈಗ 10 ಎಂಬಿ ಮಿತಿ. ನಮ್ಮ ದಾಖಲೆಗಳಿಗೆ ಅದು ಧಾರಾಳ. ಆದರೆ ಎಲ್ಲವನ್ನೂ ಮೂಟೆ ಕಟ್ಟಿ ಮನೆಗೆ ತರುವ ಗುಂಡಿಯೊಂದನ್ನು ಸರ್ವರ್ ನಡೆಸುವವನಿಗೆ ಕೊಟ್ಟಿಲ್ಲ. ಪೆನ್‌ಡ್ರೈವಿನ ರುಚಿ ಕಂಡವನಿಗೆ ಇದು ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದಂತೆ.

ಹಾಗಾಗಿ 2021ರ ಕೊನೆಯಲ್ಲೇ, ಚರ್ಚೆ ಡಿಸ್ಕಾರ್ಡ್‌ನಲ್ಲಿ ನಡೆಯುತ್ತಿದ್ದಾಗಲೂ, ಬರಹಗಳನ್ನು ಮತ್ತೆ ಪಿಎಚ್‌ಪಿಬಿಬಿಗೆ ತಂದಿದ್ದೆ. ಡಿಸ್ಕೋರ್ಸ್‌ನಿಂದ ಹಿಂದಕ್ಕೆ ಬರಲು ಸಿದ್ಧ ದಾರಿಯಿಲ್ಲ. ಹಳೆಯ ಪೆನ್‌ಡ್ರೈವಿನ ನಕಲನ್ನೇ ಎಬ್ಬಿಸಿ, ನಡುವಿನ ಮೂರು ವರ್ಷಗಳ ಒಳ್ಳೆಯ ಬರಹಗಳನ್ನು ಕೈಯಾರೆ ಅಂಟಿಸಿದೆ. ಶನಿವಾರ ರಾತ್ರಿಯ ಆಟ ಮಾತ್ರ ಡಿಸ್ಕಾರ್ಡ್‌ನಲ್ಲೇ. ಭಾನುವಾರ ಬೆಳಿಗ್ಗೆ ಕಾಫಿ ಹಿಡಿದು ಕುಳಿತು, ಹಿಂದಿನ ರಾತ್ರಿ ಯಾರಾದರೂ ಉಪಯುಕ್ತವಾದದ್ದು ಬರೆದಿದ್ದರೆ ಅವರನ್ನು ಕೇಳಿ ಫೋರಂಗೆ ಸಾಗಿಸುತ್ತೇನೆ.

ಹಣದ ಮಾತೂ ಒಂದಿದೆ. ಫೋರಂ ಗೂಗಲ್ಲಿನಲ್ಲಿ ಕಾಣುತ್ತದೆ ಎಂಬ ಕಾರಣಕ್ಕೇ ರಮ್ಮಿ, ಬೆಟ್ಟಿಂಗ್ ತಾಣಗಳವರು ‘ಒಂದು ಕೊಂಡಿ ಹಾಕಿ, ಹಣ ಕೊಡುತ್ತೇವೆ’ ಎಂದು ಬರೆಯುತ್ತಿದ್ದರು. ಒಂದು ಕೊಂಡಿಗೆ ವರ್ಷದ ಹೋಸ್ಟಿಂಗ್ ಖರ್ಚೇ ಹುಟ್ಟುತ್ತಿತ್ತು. ಹಾಕಲಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು 2025ರ ಆಗಸ್ಟಿನಲ್ಲಿ ಬಂದ ಮೇಲೆ ಆ ಪತ್ರಗಳು ಬಹಳ ಕಡಿಮೆಯಾಗಿವೆ.

ಕಳೆದ ತಿಂಗಳು ಒಬ್ಬ ಹೊಸಬ ನೋಂದಾಯಿಸಿಕೊಂಡ. ಅಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ ಅಪ್ಪನದೇ ಹಳೆಯ ಸಿಡಿ ಹಾಕಿದ್ದನಂತೆ, ಹುಲ್ಲೆಲ್ಲ ನೇರಳೆ. ಗೂಗಲ್ಲಿನಲ್ಲಿ ಹುಡುಕಿದಾಗ ನಮ್ಮ ಮೊಟ್ಟಮೊದಲ ಬರಹ ಸಿಕ್ಕಿತ್ತು. ಅದರ ಕೆಳಗೆ ‘ಸರಿಹೋಯಿತು’ ಎಂದಷ್ಟೇ ಬರೆದಿದ್ದ. ಮೊದಲ ಬರಹವಾದ್ದರಿಂದ ನನ್ನ ಒಪ್ಪಿಗೆಗೆ ಕಾದು ಕುಳಿತಿತ್ತು, ಒಪ್ಪಿದೆ.